ಗೊಂಬೆ ಬಾಗಿನ ಮತ್ತು ಮನೆಮನೆ ಸುತ್ತುವ ಮಕ್ಕಳು

ಹಬ್ಬದ ದಿನ ಮಕ್ಕಳು ಗುಂಪುಕಟ್ಟಿಕೊಂಡು ನೆರೆಮನೆಗಳ ಬಾಗಿಲಿಗೆ ಹೋಗಿ ತಿಂಡಿ, ಕಾಸು ಇಲ್ಲವೇ ಸೌದೆ ಕೇಳಿ ಪಡೆಯುವ ರೂಢಿ. ಹಳೆ ಮೈಸೂರು ಸೀಮೆಯಲ್ಲಿ ನವರಾತ್ರಿಯ ಗೊಂಬೆ ಬಾಗಿನ, ಮಾರ್ನವಮಿಯ ಚೌಪದ, ಹೋಳಿಯ ಕಾಮಣ್ಣನ ಸೌದೆ ಇದರ ಮುಖ್ಯ ರೂಪಗಳು. ಯಲಹಂಕ ತಾಲ್ಲೂಕಿನ ಬಾಗಲೂರಿನ ಕಡೆಗೆ ಈಚೆಗೆ ಹ್ಯಾಲೋವೀನ್ ಕೂಡ ಬಂದು ಸೇರಿದೆ. ಕೊಡಲೊಲ್ಲದ ಮನೆಯನ್ನು ನಡೆಸಿಕೊಳ್ಳುವ ರೀತಿಯಲ್ಲಿ ಮಾತ್ರ ಇವು ಒಂದಕ್ಕೊಂದು ತೀರ ಬೇರೆ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ನೆರಳಲ್ಲಿ ಮನೆಯ ಗೊಂಬೆ ಹಬ್ಬವೂ ಬೆಳೆಯಿತು. ಪಾಡ್ಯದ ದಿನ ಮೆಟ್ಟಿಲು ಕಟ್ಟಿ, ಮೇಲೆ ರಾಜ ರಾಣಿಯರ ಪಟ್ಟದ ಗೊಂಬೆ ಇಡುತ್ತಾರೆ. ಸಂಜೆಯಾಗುತ್ತಲೇ ಮಕ್ಕಳು ಡಬ್ಬಿ ಹಿಡಿದು ಹೊರಡುತ್ತಾರೆ. ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: ‘ರೀ, ಗೊಂಬೆ ಕೂರಿಸಿದ್ದೀರಾ?’ ಹೌದೆಂದರೆ ಒಳಗೆ ಹೋಗಿ ಗೊಂಬೆ ನೋಡಿ, ಹೇಳಿದರೆ ಒಂದು ದೇವರನಾಮ ಹಾಡಿ, ಬಾಗಿನ ಇಸಿದುಕೊಳ್ಳುವುದು. ಬಾಗಿನದ ತಿಂಡಿಗೆ ಅದರದೇ ಅಳತೆಯುಂಟು: ಉಂಗುರದಷ್ಟು ಕೋಡುಬಳೆ, ಮಗುವಿನ ಅಂಗೈಯಲ್ಲಿ ಎರಡು ಮೂರು ಹಿಡಿಯುವ ಚಕ್ಕುಲಿ, ಗೋಲಿಗಾತ್ರದ ರವೆ ಉಂಡೆ, ಕಡಲೆ ಉಸಲಿ. ಯಾವ ಮನೆಯಲ್ಲಿ ಏನು ಸಿಗುತ್ತದೆಂಬ ಸುದ್ದಿ ಬೀದಿಯ ತುದಿಯನ್ನು ಮಕ್ಕಳಿಗಿಂತ ಮೊದಲೇ ಮುಟ್ಟಿರುತ್ತದೆ.

ಇಲ್ಲವೆನ್ನಲು ಆ ಪ್ರಶ್ನೆಯೇ ದಾರಿ ಬಿಟ್ಟುಕೊಡುತ್ತದೆ. ‘ನಮ್ಮಲ್ಲಿ ಪದ್ಧತಿ ಇಲ್ಲ ಪುಟ್ಟ’ ಎಂದರೆ ಮುಗಿಯಿತು. ಮಕ್ಕಳು ಮುಂದಿನ ಮನೆಗೆ ಓಡುತ್ತಾರೆ. ಸಾವಾದ ಮನೆಯವರು ಸಾಮಾನ್ಯವಾಗಿ ಆ ವರ್ಷ ಗೊಂಬೆ ಕೂರಿಸುವುದಿಲ್ಲ. ಕಾರಣ ಕೇಳುವ ಹಾಗೂ ಇಲ್ಲ. ಆದರೆ ಈ ಸಭ್ಯತೆಗೆ ಇನ್ನೊಂದು ಮುಖವಿದೆ. ಗೊಂಬೆ ಹೆಚ್ಚಾಗಿ ಬ್ರಾಹ್ಮಣ, ಅರಸು ಮತ್ತು ಕೆಲವು ವರ್ತಕ ಮನೆಗಳ ಹಬ್ಬವಾಗಿತ್ತು. ಯಾವ ಬೀದಿಯ ಬಾಗಿಲು ಬಡಿಯಬೇಕು, ಯಾವುದು ಬೇಡ ಎಂಬುದು ಮಕ್ಕಳಿಗೆ ಯಾರೂ ಹೇಳದೆಯೇ ಗೊತ್ತಿರುತ್ತಿತ್ತು.

ಚೌಪದದಲ್ಲಿ ಇಲ್ಲವೆನ್ನುವುದು ಕಷ್ಟ. ಕೂಲಿಮಠದ, ಎಂದರೆ ಹಳೆಯ ಊರಶಾಲೆಯ, ಅಯ್ಯನವರು ಮಾರ್ನವಮಿಯಲ್ಲಿ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಪದ ಹೇಳಿಸುತ್ತಿದ್ದರು. ಸಿಕ್ಕಿದ ದವಸ, ದುಡ್ಡು ಅವರ ವರಮಾನದ ಒಂದು ಭಾಗ. ಮಗನಿಗೆ ಅಕ್ಷರ ಕಲಿಸುವವರು ಅಂಗಳದಲ್ಲಿ ನಿಂತಿರುವಾಗ ಬರಿಗೈಲಿ ಕಳಿಸುವವರಾರು? ಸಂಬಳದ ಶಾಲೆಗಳು ಬಂದಂತೆ ಇದು ನಿಂತಿತು. ತೆಲುಗು ನಾಡಿನಲ್ಲೂ ದಸರೆಗೆ ಮೇಷ್ಟ್ರ ಜೊತೆ ಮಕ್ಕಳು ಹೀಗೆಯೇ ಪದ್ಯ ಹೇಳುತ್ತಾ ಹೋಗಿ ಹುರಿಗಡಲೆ ಬೆಲ್ಲ ಪಡೆಯುತ್ತಿದ್ದರು.

ಕಾಮಣ್ಣನ ಹುಡುಗರಂತೂ ಇಲ್ಲವೆಂಬ ಮಾತನ್ನು ಕಿವಿಗೇ ಹಾಕಿಕೊಳ್ಳುವವರಲ್ಲ. ಫಾಲ್ಗುಣ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ತಮಟೆ ಬಡಿದು ಸೌದೆ, ಬೆರಣಿ ಕೇಳುತ್ತಾರೆ. ಕೊಡದಿದ್ದರೆ ರಾತ್ರಿ ಹಿತ್ತಲಿಂದ ಎತ್ತಿಕೊಂಡು ಹೋಗುತ್ತಾರೆ. ಮುರುಕು ಏಣಿ, ಬೇಲಿಯ ಗೂಟ ಯಾವುದಕ್ಕೂ ರಕ್ಷಣೆಯಿಲ್ಲ. ಜಿಪುಣರ ಮನೆ ಮುಂದೆ ಬೈಗುಳದ ಪದ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವುದು ಬೇರೆ. ಆ ದಿನದ ಮಟ್ಟಿಗೆ ಇದನ್ನು ಕಳ್ಳತನವೆಂದು ಯಾರೂ ಎಣಿಸುತ್ತಿರಲಿಲ್ಲ. ಗಣೇಶನ ಚಂದಾಕ್ಕೆ ರಸ್ತೆಗಡ್ಡ ಹಗ್ಗ ಹಿಡಿಯುವ ಹುಡುಗರೂ ಇದೇ ಸಂತತಿಯವರು.

ಹ್ಯಾಲೋವೀನ್‌ನ ಮೂಲದಲ್ಲಿ ಸಭ್ಯವಾಗಿ ಕೇಳುವುದು, ಕೀಟಲೆ ಮಾಡಿ ಕಾಡುವುದು ಎರಡೂ ಗುಣ ಇದ್ದವು. ಬ್ರಿಟನ್, ಐರ್ಲೆಂಡುಗಳಲ್ಲಿ ಬಡವರು, ಮಕ್ಕಳು ಸತ್ತವರ ಹೆಸರಿನಲ್ಲಿ ಪ್ರಾರ್ಥಿಸಿ ರೊಟ್ಟಿ ಪಡೆಯುತ್ತಿದ್ದರು. ಅಮೆರಿಕದಲ್ಲಿ ಅದೇ ರಾತ್ರಿ ಹುಡುಗರು ಬೇಲಿ ಕಿತ್ತು, ಗೇಟು ಹೊತ್ತೊಯ್ದು ಉಪದ್ರವ ಕೊಡುತ್ತಿದ್ದರು. ತಿಂಡಿ ಕೊಡಿ, ಇಲ್ಲದಿದ್ದರೆ ಕೀಟಲೆ ಎಂಬ ಅರ್ಥದ ‘ಟ್ರಿಕ್ ಆರ್ ಟ್ರೀಟ್’ ಕೆನಡಾದ ಪತ್ರಿಕೆಗಳಲ್ಲಿ 1920ರ ದಶಕದ ಹೊತ್ತಿಗೆ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ ಅದಕ್ಕೆ ತಡೆಯಾಯಿತು. 1947ರಲ್ಲಿ ಪಡಿತರ ತೆಗೆದ ಮೇಲೆ ಅಮೆರಿಕಕ್ಕೆಲ್ಲ ಹಬ್ಬಿತು. ಬೆದರಿಕೆ ಬರೀ ಮಾತಾಗಿ ಉಳಿಯಿತು. ಮುಂಬಾಗಿಲ ದೀಪ ಆರಿಸಿದ್ದರೆ ಆ ಮನೆಯನ್ನು ಬಿಟ್ಟು ಹೋಗಬೇಕೆಂಬ ಕಟ್ಟಳೆ ಬಂತು. 2014ರಿಂದ ಅಲರ್ಜಿಯಿರುವ ಮಕ್ಕಳಿಗೆ ತಿಂಡಿಯ ಬದಲು ಆಟಿಕೆ ಕೊಡುವ ಮನೆಗಳು ಹಸಿರುನೀಲಿ ಕುಂಬಳಕಾಯಿ ಇಡುತ್ತವೆ. ನವರಾತ್ರಿ ಅಕ್ಟೋಬರಿಗೆ ಬಿದ್ದ ವರ್ಷ ಅಲ್ಲಿರುವ ಕೆಲವು ಕನ್ನಡದ ಮನೆಗಳಲ್ಲಿ ಹೊರಗೆ ಕುಂಬಳಕಾಯಿ, ಒಳಗೆ ಪಟ್ಟದ ಗೊಂಬೆ.

ಬಾಗಲೂರಿನ ಸುತ್ತಣ ಹೊಲಗದ್ದೆಗಳು 2008ರಲ್ಲಿ ಹತ್ತಿರದ ವಿಮಾನ ನಿಲ್ದಾಣ ತೆರೆದ ಮೇಲೆ ಬಡಾವಣೆ, ಅಪಾರ್ಟ್‌ಮೆಂಟುಗಳಾಗತೊಡಗಿದವು. ಉತ್ತರ ಬೆಂಗಳೂರಿನ ಇಂಥ ಸಮುಚ್ಚಯಗಳಲ್ಲಿ ಅಕ್ಟೋಬರ್ 31ರ ಸಂಜೆ ಮುಖವಾಡದ ಮಕ್ಕಳು ಲಿಫ್ಟ್ ತುಂಬುತ್ತಾರೆ. ಕಾರಿಡಾರಿನ ದೀಪ ಇಲ್ಲಿ ಎಲ್ಲರ ಪಾಲಿನದು, ಆರಿಸುವಂತಿಲ್ಲ. ಹಾಗಾಗಿ ಇಷ್ಟವಿದ್ದವರು ವಾಟ್ಸಾಪ್ ಗುಂಪಿನಲ್ಲಿ ಫ್ಲಾಟ್ ಸಂಖ್ಯೆ ಹಾಕುತ್ತಾರೆ, ಇಲ್ಲವೇ ಬಾಗಿಲಿಗೆ ಕಾಗದದ ಕುಂಬಳಕಾಯಿ ಅಂಟಿಸುತ್ತಾರೆ. ಮಗು ಮಲಗಿದೆ, ಮಗಳಿಗೆ ಪರೀಕ್ಷೆ, ಇದು ನಮ್ಮ ಹಬ್ಬವಲ್ಲ ಎನ್ನುವವರು ಸುಮ್ಮನಿದ್ದರೆ ಸಾಕು. ತಂಟೆ ಬರುವುದು ಪಟ್ಟಿ ನೋಡದ ಪುಟ್ಟ ಮಕ್ಕಳಿಂದ, ಮತ್ತು ‘ಇದೆಲ್ಲ ಯಾಕೆ ಬೇಕಿತ್ತು’ ಎಂದು ಗುಂಪಿನಲ್ಲೇ ಬರೆಯುವ ದೊಡ್ಡವರಿಂದ. ನವರಾತ್ರಿಯಲ್ಲೂ ಅದೇ ಗುಂಪಿನಲ್ಲಿ ಗೊಂಬೆ ಕೂರಿಸಿದವರ ಫ್ಲಾಟ್ ಸಂಖ್ಯೆಗಳು, ಸಂಜೆ ಎಷ್ಟು ಹೊತ್ತಿಗೆ ಬರಬಹುದೆಂಬ ಸೂಚನೆಯೊಂದಿಗೆ, ಬರುತ್ತವೆ.