ಕರಕರ ಸದ್ದು ತೊಳೆದ ದ್ರವಗಳು

ಅಟ್ಟದ ಮೇಲಿನ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯನ್ನು ನೀವು ತಿರುಗಿಸಿ ನೋಡಿದ್ದೀರಾ? ಹಾಡಿಗಿಂತ ಮೊದಲು ಕೇಳಿಸುವುದು ಕರಕರ ಸದ್ದು. ಗುಂಡಿಯ ಒಳಗೆ ಕುದುರೆಲಾಳದ ಆಕಾರದ ಇಂಗಾಲದ ಪಟ್ಟಿಯಿದೆ. ಅದರ ಮೇಲೆ ಲೋಹದ ನಾಲಿಗೆಯೊಂದು ಜಾರುತ್ತದೆ. ಧೂಳು, ಸವೆದ ಇಂಗಾಲದ ಪುಡಿ ನಡುವೆ ಸೇರಿದರೆ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದು ಕೂಡುತ್ತದೆ. ಆ ಏರಿಳಿತವನ್ನೇ ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಸ್ವಿಚ್ಚುಗಳ ಕಾಯಿಲೆ ಬೇರೆ: ಗಾಳಿಯಲ್ಲಿನ ಗಂಧಕದ ಅನಿಲ ತಗಲಿ ಒಳಗಿನ ಬೆಳ್ಳಿಯ ಲೇಪ ಕಪ್ಪಾಗುತ್ತದೆ, ಅಜ್ಜಿಯ ಬೆಳ್ಳಿ ಬಟ್ಟಲಿನ ಹಾಗೆ.

ಇದನ್ನು ತೊಳೆಯಲು ರಿಪೇರಿಯವರು ಬಹುಕಾಲ ಬಳಸಿದ್ದು ಕಾರ್ಬನ್ ಟೆಟ್ರಾಕ್ಲೋರೈಡ್. ಜಿಡ್ಡು ಕರಗಿಸುತ್ತದೆ, ಬೆಂಕಿ ಹತ್ತುವುದಿಲ್ಲ, ತಾನೇ ಆರಿಹೋಗುತ್ತದೆ. ಇನ್ನೇನು ಬೇಕು? ಆದರೆ ಅದರ ಆವಿ ಯಕೃತ್ತನ್ನು ಕೆಡಿಸುತ್ತದೆ. ಅಮೆರಿಕ 1970ರಲ್ಲಿ ಅದನ್ನು ಮನೆಬಳಕೆಯಿಂದ ನಿಷೇಧಿಸಿತು. ಎಲೆಕ್ಟ್ರಾನಿಕ್ ಕಾರ್ಖಾನೆಗಳು ಮೆಚ್ಚಿಕೊಂಡ ಇನ್ನೊಂದು ದ್ರವ ಸಿಎಫ್‌ಸಿ-113; ಮನುಷ್ಯನಿಗೆ ಅಷ್ಟು ವಿಷವಲ್ಲ. ಪೆಟ್ಟು ಬಿದ್ದದ್ದು ಆಕಾಶಕ್ಕೆ. ಸಿಎಫ್‌ಸಿಗಳಿಂದ ಬಿಡುಗಡೆಯಾಗುವ ಕ್ಲೋರಿನ್ ಓಜೋನನ್ನು ಒಡೆಯುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2010ರ ಹೊತ್ತಿಗೆ ತೊಳೆಯುವ ಕೆಲಸದಿಂದ ಎರಡೂ ದ್ರವಗಳನ್ನು ಕೈಬಿಟ್ಟಿತು.

ಈಗ ಬೇರೆ ಕಾಂಟ್ಯಾಕ್ಟ್ ಕ್ಲೀನರುಗಳಿವೆ. ಪ್ಲಗ್ ಕಿತ್ತು, ಒಂದೆರಡು ಹನಿ ಬಿಟ್ಟು, ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಬಾರಿ ತಿರುಗಿಸಿದರೆ ಸಾಮಾನ್ಯವಾಗಿ ಸಾಕು. ಉಪ್ಪುಕಾಗದ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು. ತೆಳು ಪಟ್ಟಿಯೇ ಉದುರಿಹೋಗುತ್ತದೆ. ವಾಲ್ವ್ ರೇಡಿಯೋವನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.