ಉತ್ತರಮೇರೂರಿನ ಶಾಸನಗಳು ಮತ್ತು ಗ್ರಾಮಾಡಳಿತದ ಬಹಿರಂಗತೆ

ಗ್ರಾಮದ ಆಡಳಿತವು ಗ್ರಾಮಸ್ಥರಿಗೆ ಲೆಕ್ಕ ಒಪ್ಪಿಸಬೇಕೆಂಬ ವಿಚಾರ ಬಂದಾಗ ನಮ್ಮ ವಿದ್ಯಾರ್ಥಿಗಳು ಎರಡು ಬಗೆಯ ಉತ್ತರಗಳನ್ನು ಕೊಡುವುದುಂಟು. ಇದು 1993ರ ಪಂಚಾಯತಿ ಕಾಯಿದೆಯಿಂದಲೂ 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದಲೂ ಬಂದ ಹೊಸ ಕಲ್ಪನೆಯೆಂಬುದು ಒಂದು. ನಮ್ಮ ಪ್ರಾಚೀನ ಗ್ರಾಮಗಳೆಲ್ಲವೂ ಪರಿಪೂರ್ಣ ಪ್ರಜಾರಾಜ್ಯಗಳಾಗಿದ್ದುವೆಂಬುದು ಇನ್ನೊಂದು. ಈ ಎರಡೂ ಆಧಾರಗಳ ಮುಂದೆ ನಿಲ್ಲಲಾರವು. ಸುಪ್ರಸಿದ್ಧವಾದ ಒಂದು ಶಾಸನಯುಗ್ಮವನ್ನು ಮತ್ತೊಮ್ಮೆ ಪರಿಶೀಲಿಸಿ, ಅದರಿಂದ ನಾವು ಏನನ್ನು ಕಲಿಯಬಹುದು, ಏನನ್ನು ಕಲಿಯಲಾಗದು ಎಂಬುದನ್ನು ನಿರ್ಧರಿಸುವುದೇ ಈ ಲೇಖನದ ಉದ್ದೇಶ.

ಈಗಿನ ಕಾಂಚೀಪುರ ಜಿಲ್ಲೆಯಲ್ಲಿರುವ ಉತ್ತರಮೇರೂರು ಚೋಳರ ಕಾಲದಲ್ಲಿ ಒಂದು ಬ್ರಹ್ಮದೇಯವಾಗಿತ್ತು. ಅಲ್ಲಿಯ ವೈಕುಂಠಪೆರುಮಾಳ್ ದೇವಾಲಯದಲ್ಲಿ ಒಂದನೆಯ ಪರಾಂತಕನ ಆಳ್ವಿಕೆಯ ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ವರ್ಷಗಳ, ಎಂದರೆ ಕ್ರಿ.ಶ. 919 ಮತ್ತು 921ರ ಸುಮಾರಿನ ಎರಡು ಶಾಸನಗಳಿವೆ. ವಿ. ವೆಂಕಯ್ಯನವರು ಇವುಗಳನ್ನು ವಿದ್ವತ್ಪ್ರಪಂಚದ ಗಮನಕ್ಕೆ ತಂದರು, ಕೆ. ಎ. ನೀಲಕಂಠ ಶಾಸ್ತ್ರಿಗಳು ವಿಸ್ತಾರವಾಗಿ ಚರ್ಚಿಸಿದರು. ಮೊದಲು ಮಾಡಿದ ವ್ಯವಸ್ಥೆಯನ್ನು ಎರಡೇ ವರ್ಷಗಳಲ್ಲಿ ತಿದ್ದಿರುವುದು ಮುಖ್ಯವಾದ ಸಂಗತಿ. ನಿಯಮವೊಂದು ಸಾಲದೆ ಹೋದಾಗ ಅದನ್ನು ಹೆಚ್ಚು ಬಿಗಿಗೊಳಿಸಿ ಮತ್ತೆ ಕಲ್ಲಿನ ಮೇಲೆ ಬರೆಯಿಸಿದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಊರನ್ನು ಮೂವತ್ತು ವಿಭಾಗಗಳಾಗಿ ಮಾಡಿ, ಪ್ರತಿಯೊಂದರಲ್ಲಿಯೂ ಅರ್ಹರಾದವರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕುತ್ತಿದ್ದರು. ಈ ಪದ್ಧತಿಗೆ ಕುಡವೋಲೆ ಎಂದು ಹೆಸರು. ಕನ್ನಡದ ಕೊಡ, ಓಲೆ ಎಂಬ ಮಾತುಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಿರಿಯರು ಹಿರಿಯರೆಲ್ಲರೂ ಕೂಡಿದ ಮಹಾಸಭೆಯಲ್ಲಿ ಅರ್ಚಕರ ಪೈಕಿ ಹಿರಿಯನಾದವನು ಎಲ್ಲರ ಕಣ್ಣಿಗೂ ಬೀಳುವಂತೆ ಕೊಡವನ್ನು ಎತ್ತಿ ಹಿಡಿಯಬೇಕು. ಒಳಗೇನಿದೆಯೆಂಬುದನ್ನರಿಯದ ಬಾಲಕನೊಬ್ಬನು ಓಲೆಯನ್ನು ತೆಗೆಯಬೇಕು. ಮಧ್ಯಸ್ಥನು ಅದನ್ನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿ ಸ್ವೀಕರಿಸಿ ಗಟ್ಟಿಯಾಗಿ ಓದಬೇಕು; ಅನಂತರ ಅಲ್ಲಿರುವ ಅರ್ಚಕರೆಲ್ಲರೂ ಅದನ್ನೇ ಓದಬೇಕು. ಹೀಗೆ ಆರಿಸಲ್ಪಟ್ಟ ಮೂವತ್ತು ಮಂದಿಯಲ್ಲಿ ಹನ್ನೆರಡು ಮಂದಿ ಸಂವತ್ಸರ ವಾರಿಯಕ್ಕೂ, ಹನ್ನೆರಡು ಮಂದಿ ತೋಟದ ವಾರಿಯಕ್ಕೂ, ಆರು ಮಂದಿ ಕೆರೆಯ ವಾರಿಯಕ್ಕೂ ಸೇರುತ್ತಿದ್ದರು. ವಾರಿಯವೆಂದರೆ ಸಮಿತಿ, ಅದರ ಅವಧಿ 360 ದಿನಗಳು.

ಬಿಡಿಸಿದ ಅಂಗೈಯ ಈ ವಿಧಿಯನ್ನು ಕೇವಲ ಸಂಪ್ರದಾಯವೆಂದು ತಳ್ಳಿಹಾಕಲಾಗದು. ಮುಚ್ಚಿದ ಕೈಯಲ್ಲಿ ಓಲೆ ಬದಲಾಗಬಹುದೆಂಬ ಸಂಶಯ ಸಭೆಗೆ ಇದ್ದಿರಬೇಕು. ಒಬ್ಬನೇ ಓದಿದರೆ ಹೆಸರು ತಪ್ಪಬಹುದೆಂಬ ಭಯವೂ ಇದ್ದಿರಬೇಕು. ಅಧಿಕಾರಿಯ ಪ್ರಾಮಾಣಿಕತೆಯನ್ನು ನಂಬಿ ಕೂರದೆ, ಅವನ ಕೈಯನ್ನೇ ಎಲ್ಲರೂ ನೋಡುವಂತೆ ಏರ್ಪಾಟು ಮಾಡಿರುವುದರಲ್ಲಿ ಇವರ ವಿವೇಕವಿದೆ. ಲೆಕ್ಕದ ವಿಷಯದಲ್ಲಿಯೂ ಇದೇ ದೃಷ್ಟಿ. ಹಿಂದೆ ಯಾವುದಾದರೂ ವಾರಿಯದಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಓಲೆಯಲ್ಲಿ ಬರೆಯಕೂಡದು. ಎರಡನೆಯ ಶಾಸನದ ಪ್ರಕಾರ ಅವನ ಗೊತ್ತಾದ ಬಂಧುಗಳ ಹೆಸರನ್ನೂ ಬರೆಯಕೂಡದು. ಕಳೆದ ಮೂರು ವರ್ಷಗಳಲ್ಲಿ ವಾರಿಯದಲ್ಲಿದ್ದವನಿಗೂ ಅವಕಾಶವಿಲ್ಲ.

ಆದರೆ ಈ ಚಿತ್ರದ ಇನ್ನೊಂದು ಮುಖವನ್ನು ಮರೆಮಾಡುವುದು ಇತಿಹಾಸಕಾರನ ಧರ್ಮವಲ್ಲ. ಓಲೆಯಲ್ಲಿ ಹೆಸರು ಬರಬೇಕಾದರೆ ತೆರಿಗೆ ತೆರುವ ಭೂಮಿಯೂ ಸ್ವಂತ ನಿವೇಶನದಲ್ಲಿ ಮನೆಯೂ ಇರಬೇಕಾಗಿತ್ತು. ವೇದವಿದ್ಯೆಯೂ 35ರಿಂದ 70ರೊಳಗಿನ ವಯಸ್ಸೂ ಬೇಕಾಗಿದ್ದುವು. ಸಭೆಯೇ ಬ್ರಾಹ್ಮಣರದು. ಆ ಭೂಮಿಯನ್ನು ಉತ್ತವರಿಗೂ ಆ ಊರಿನಲ್ಲಿ ಬಾಳಿದ ಹೆಂಗಸರಿಗೂ ಕೊಡದೊಳಗೆ ಸ್ಥಾನವಿರಲಿಲ್ಲ. ಎರಡು ವ್ಯವಸ್ಥೆಗಳೂ ರಾಜಾಜ್ಞೆಯ ಮೇರೆಗೆ, ರಾಜನ ಅಧಿಕಾರಿಯ ಸಮಕ್ಷಮದಲ್ಲಿ ಆದುವೆಂಬುದನ್ನೂ ನೆನಪಿನಲ್ಲಿಡಬೇಕು. ಆದಕಾರಣ ಇದನ್ನು ಆಧುನಿಕಾರ್ಥದ ಪ್ರಜಾಪ್ರಭುತ್ವವೆನ್ನಲಾಗದು. ಒಂದು ಸೀಮಿತ ವರ್ಗವು ತನ್ನೊಳಗೆ ಕಟ್ಟುನಿಟ್ಟಾಗಿ ನಡೆಸಿದ ಬಹಿರಂಗತೆಯೆನ್ನಬಹುದು.

ಕನ್ನಡನಾಡಿನಲ್ಲಿ ಇದಕ್ಕೂ ಸುಮಾರು ಎರಡು ಶತಮಾನಗಳ ಹಿಂದಿನ ಆಧಾರವೊಂದಿದೆ. ಈಗ ಗದಗ ಜಿಲ್ಲೆಗೆ ಸೇರಿದ ಲಕ್ಷ್ಮೇಶ್ವರದಲ್ಲಿ, ಎಂದರೆ ಅಂದಿನ ಪೊರಿಗೆರೆಯಲ್ಲಿ, ಕ್ರಿ.ಶ. 725ರ ಸುಮಾರಿಗೆ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರ ವ್ಯವಸ್ಥೆಯ ಶಾಸನ ಅದು. ರಾಜಪುರುಷರು ಏನನ್ನು ಕಾಪಾಡಬೇಕು, ನಿವಾಸಿಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ಏನನ್ನು ತೆರಬೇಕು ಎಂಬ ಎರಡೂ ಕಡೆಯ ಕರ್ತವ್ಯಗಳನ್ನು ಅದು ಊರ ಮಾತಾದ ಕನ್ನಡದಲ್ಲಿಯೇ ಪ್ರಕಟಿಸಿದೆ. ಉತ್ತರಮೇರೂರಿನ ಸಭೆಗಿಂತ ವಿಶಾಲವಾದ ಸಮುದಾಯವನ್ನು ಇದು ಉದ್ದೇಶಿಸಿದೆ. ಆದರೆ ಅಲ್ಲಿರುವ ಲೆಕ್ಕಪರಿಶೀಲನೆಯ ಕ್ರಮ ಇದರಲ್ಲಿಲ್ಲ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬನನ್ನೂ ಪ್ರತಿಯೊಬ್ಬಳನ್ನೂ ಗ್ರಾಮಸಭೆಯ ಸದಸ್ಯರನ್ನಾಗಿ ಮಾಡಿತು. ಭೂಮಿ, ವಿದ್ಯೆ, ಜಾತಿಗಳ ಅಡ್ಡಗೋಡೆ ಕಾನೂನಿನಲ್ಲಿ ಬಿದ್ದುಹೋಯಿತು. ಮಾಹಿತಿ ಹಕ್ಕಿನ ಕಾಯಿದೆಯ ನಾಲ್ಕನೆಯ ಪ್ರಕರಣವು ಯಾರೂ ಕೇಳದಿದ್ದರೂ ಕಚೇರಿಗಳು ತಮ್ಮ ವೆಚ್ಚದ ವಿವರಗಳನ್ನು ಪ್ರಕಟಿಸಬೇಕೆಂದೂ, ಹಾಗೆ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಒಪ್ಪುವ ವಿಧಾನವನ್ನೂ ಗಮನಿಸಬೇಕೆಂದೂ ವಿಧಿಸುತ್ತದೆ. ಪ್ರಾಚೀನರಲ್ಲಿದ್ದ ಮುಖ್ಯ ಕೊರತೆ ಹೀಗೆ ನೀಗಿದೆ. ಆದರೆ ಲೆಕ್ಕವನ್ನು ಗೋಡೆಗೆ ಅಂಟಿಸಿ, ನಡವಳಿ ಪುಸ್ತಕಕ್ಕೆ ರುಜು ಹಾಕಿಸಿಕೊಂಡು ಸಭೆ ಮುಗಿಸುವ ಕಡೆಯಲ್ಲಿ ಪ್ರಾಚೀನರಲ್ಲಿದ್ದ ಮುಖ್ಯ ಗುಣ ಇಲ್ಲವಾಗುತ್ತದೆ. ಓದುಬಾರದವರಿಗೆ ಅಂಟಿಸಿದ ಕಾಗದವೂ ಮುಚ್ಚಿದ ಕೈಯೂ ಒಂದೇ.

ಈ ಶಾಸನಗಳನ್ನು ಪಾಠ ಹೇಳುವಾಗ ನಾವು ಹೆಮ್ಮೆಯ ಮಾತುಗಳನ್ನು ಕಡಮೆಮಾಡಿ, ಅವುಗಳ ಕ್ರಮವನ್ನು ಬಿಡಿಬಿಡಿಯಾಗಿ ವಿವರಿಸುವುದು ಲೇಸು. ಅನಂತರ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗ್ರಾಮಸಭೆಯಲ್ಲಿ ಕುಳಿತು, ಅಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಲಾಯಿತೇ, ಕೇಳಿದವರಿಗೆ ಉತ್ತರ ದೊರೆಯಿತೇ ಎಂಬುದನ್ನು ಬರೆದು ತರಲಿ. ಒಂದು ವೇಳೆ ಓದದಿದ್ದರೆ, ಓದಿರೆಂದು ಕೇಳುವ ಅಧಿಕಾರ ಮತದಾರರಾದ ಅವರಿಗೇ ಇದೆಯೆಂಬುದನ್ನೂ ನಾವು ಅವರಿಗೆ ತಿಳಿಸಬೇಕು.