ಒಂದು ಅಂಕ ಕಡಿಮೆ

2020ರ ಡಿಸೆಂಬರ್ 6, ಭಾನುವಾರ. ಆಫೀಸು ಮನೆಗೇ ಬಂದು ಕೂತಿದ್ದ ವರ್ಷ. ಪೊವಾಯಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟು, ಮಗನ ಜೊತೆ ಬಹರೇನಿನ ಸಾಖಿರ್‌ನಲ್ಲಿ ನಡೆಯುತ್ತಿದ್ದ ಫಾರ್ಮುಲಾ 2 ರೇಸ್ ನೋಡುತ್ತಿದ್ದೆ. ಮುಂಬೈನ ಹುಡುಗ ಜೆಹಾನ್ ದಾರುವಾಲಾ ಗೆದ್ದ. ಫಾರ್ಮುಲಾ 2ರಲ್ಲಿ ಭಾರತೀಯನೊಬ್ಬನ ಮೊದಲ ಗೆಲುವು ಅದು. ಆದರೆ ಅದೇ ರೇಸಿನಲ್ಲಿ 18ನೆಯವನಾಗಿ ಬಂದ ಮಿಕ್ ಶೂಮಾಕರ್ ಆ ವರ್ಷದ ಚಾಂಪಿಯನ್ ಆದ.

"ಅಪ್ಪಾ, ಗೆದ್ದಿದ್ದು ಜೆಹಾನ್ ಅಲ್ವಾ?" ಎಂದ ಮಗ.

ರೇಸ್ ಗೆಲ್ಲಲು ಒಂದು ದಿನ ಸಾಕು, ಪ್ರಶಸ್ತಿಗೆ ಇಡೀ ವರ್ಷದ ಲೆಕ್ಕ ಬೇಕು ಎಂದೆ. ಜೆಹಾನ್‌ನ ಕಥೆಯೆಲ್ಲ ಆ ಲೆಕ್ಕದ್ದೇ.

ಈ ಊರಿನ ಮಹಾಲಕ್ಷ್ಮಿಯಲ್ಲಿ ಕುದುರೆಗಳಿಗೆ 1883ರಿಂದ ರೇಸ್‌ಕೋರ್ಸ್ ಇದೆ. ಕಾರುಗಳಿಗೆ ಅಂಥದ್ದೊಂದು ಟ್ರ್ಯಾಕ್ ಇಲ್ಲ. ಜೆಹಾನ್ ಕಾರ್ಟ್ ಹತ್ತಿದ್ದು ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ. ಮ್ಯಾಕ್ಸ್ ವರ್‌ಸ್ಟಾಪನ್ ಹತ್ತಿದ್ದು ನಾಲ್ಕೂವರೆ ವರ್ಷಕ್ಕೆ. 2011ರಲ್ಲಿ ಸಹಾರಾ ಫೋರ್ಸ್ ಇಂಡಿಯಾ ತಂಡ ದೇಶದಾದ್ಯಂತ ಹುಡುಕಿ ಮೂವರು ಹುಡುಗರನ್ನು ಆರಿಸಿತು. ಅವರಲ್ಲಿ ಜೆಹಾನ್ ಒಬ್ಬ, ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಇನ್ನೊಬ್ಬ. 2017ರಲ್ಲಿ ಜೆಹಾನ್ ನ್ಯೂಜಿಲೆಂಡ್ ಗ್ರ್ಯಾಂಡ್ ಪ್ರಿ ಗೆದ್ದ.

ಪ್ರಶಸ್ತಿಗೆ ತೀರಾ ಹತ್ತಿರ ಬಂದದ್ದು 2019ರಲ್ಲಿ, ಫಾರ್ಮುಲಾ 3ರಲ್ಲಿ. ಪ್ರೇಮಾ ತಂಡದ ಮೂವರೂ ಮೊದಲ ಮೂರು ಸ್ಥಾನ ಹಿಡಿದರು. ಶ್ವಾರ್ಟ್ಸ್‌ಮನ್ 212, ಆರ್ಮ್‌ಸ್ಟ್ರಾಂಗ್ 158, ಜೆಹಾನ್ 157. ಎರಡನೇ ಸ್ಥಾನ ತಪ್ಪಿದ್ದು ಒಂದೇ ಅಂಕದಿಂದ.

ಫಾರ್ಮುಲಾ 1ರಲ್ಲಿ ಓಡಿಸಲು ಸೂಪರ್ ಲೈಸೆನ್ಸ್ ಬೇಕು. ಮೂರು ವರ್ಷಗಳಲ್ಲಿ 40 ಅಂಕ ಗಳಿಸಿರಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂರರಲ್ಲಿ ಬಂದರೆ ಅಷ್ಟೂ ಒಮ್ಮೆಗೇ ಸಿಗುತ್ತವೆ; ಏಳನೆಯವನಿಗೆ ಬರೀ 8. 2020ರಲ್ಲಿ ಜೆಹಾನ್ ಮತ್ತು ಜಪಾನಿನ ಯುಕಿ ಸುನೋಡಾ ಇಬ್ಬರೂ ಕಾರ್ಲಿನ್ ತಂಡದಲ್ಲಿದ್ದರು, ಇಬ್ಬರೂ ರೆಡ್ ಬುಲ್ ಬೆಳೆಸುತ್ತಿದ್ದ ಹುಡುಗರು. ಸುನೋಡಾ ಮೂರನೆಯವನಾಗಿ ಮರುವರ್ಷವೇ ಫಾರ್ಮುಲಾ 1ಕ್ಕೆ ಹೋದ. ಹನ್ನೆರಡನೆಯವನಾದ ಜೆಹಾನ್ ಅಲ್ಲೇ ಉಳಿದ. 2021ರಲ್ಲಿ ಏಳನೆಯವ, 2022ರಲ್ಲೂ ಏಳನೆಯವ. ಎರಡೂ ವರ್ಷ ಮೊನ್ಜಾದಲ್ಲಿ ಗೆದ್ದ. 2022ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಮ್ಯಾಕ್‌ಲಾರೆನ್‌ನ ಫಾರ್ಮುಲಾ 1 ಕಾರನ್ನೂ ಓಡಿಸಿದ, ಆದರೆ ಪರೀಕ್ಷೆಗಾಗಿ ಮಾತ್ರ. 2024ರಲ್ಲಿ ಮಸೆರಾಟಿ ತಂಡದ ಪರ ಫಾರ್ಮುಲಾ ಇ ಸೇರಿ ವಿದ್ಯುತ್ ಕಾರು ಹಿಡಿದ.

ನನ್ನ ಕೆಲಸದಲ್ಲೂ ವರ್ಷದ ಕೊನೆಗೆ ಪಟ್ಟಿಯೊಂದು ಮಾಡಬೇಕು. ಹತ್ತು ಜನರಲ್ಲಿ ಇಬ್ಬರಿಗೆ ಬಡ್ತಿ. ಮೂರನೆಯವನನ್ನು ಕರೆದು "ಸ್ವಲ್ಪದರಲ್ಲಿ ತಪ್ಪಿತು" ಎಂದು ಸಲೀಸಾಗಿ ಹೇಳಿಬಿಡುತ್ತಿದ್ದೆ. ಆ 158-157 ನೋಡಿದ ಮೇಲೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಈಗ ಅವನ ವರ್ಷವನ್ನೆಲ್ಲ ಮುಂದಿಟ್ಟುಕೊಂಡು, ಎಲ್ಲೆಲ್ಲಿ ಗೆದ್ದಿದ್ದ ಎಂಬುದನ್ನು ಮೊದಲು ಹೇಳುತ್ತೇನೆ.